ಬರ್ಲಿನ್‌ಗೆ ಹೊರಟಿದ್ದೀರಾ? ಶಾಪಿಂಗ್‌ಗೂ ಟೆಕ್ನೋ ರಾತ್ರಿಗಳಿಗೂ ಹಂತ ಹಂತದ ಮಾರ್ಗದರ್ಶಿ

"ಬೆರ್ಗ್‌ಹೈನ್ ಒಳಗೆ ಬಿಡ್ತಾರಾ?" "ಭಾನುವಾರ ಮಾಲ್ ತೆರೆದಿರುತ್ತಾ?" "ಕಾರ್ಡ್ ಸಾಕಾ, ಕ್ಯಾಷ್ ಬೇಕಾ?" ಬರ್ಲಿನ್‌ಗೆ ಟಿಕೆಟ್ ಮಾಡಿಸಿದವರು ಕೇಳುವುದು ಹೆಚ್ಚುಕಮ್ಮಿ ಈ ಮೂರೇ ಪ್ರಶ್ನೆ. (ಬೆರ್ಗ್‌ಹೈನ್ ಅಂದರೆ ಅಲ್ಲಿಯ ಹೆಸರುವಾಸಿ ಟೆಕ್ನೋ ಕ್ಲಬ್; ಟೆಕ್ನೋ ಅಂದರೆ ಅಲ್ಲಿ ಕುಣಿಸುವ ಎಲೆಕ್ಟ್ರಾನಿಕ್ ಸಂಗೀತ.) ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಕ್ಲಬ್ಬಿನ ಬಾಗಿಲಲ್ಲಿ ಏನಾಗುತ್ತೋ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಟ್ರಿಪ್ ಕೆಡುವುದು ಜಾಸ್ತಿ ವಾರದ ಲೆಕ್ಕ ತಪ್ಪಿದಾಗ. ಬರ್ಲಿನ್‌ನಲ್ಲಿ ಶನಿವಾರ ರಾತ್ರಿ ಅಂಗಡಿ ಮುಚ್ಚಿದರೆ ತೆರೆಯುವುದು ಸೋಮವಾರ ಬೆಳಿಗ್ಗೆ. ದೊಡ್ಡ ಕ್ಲಬ್ಬುಗಳು ಶನಿವಾರ ಮಧ್ಯರಾತ್ರಿ ಬಾಗಿಲು ತೆರೆದರೆ ಮುಚ್ಚುವುದೂ ಸೋಮವಾರ ಬೆಳಿಗ್ಗೆಯೇ. ಇದನ್ನು ಮನಸ್ಸಲ್ಲಿಟ್ಟುಕೊಂಡು ದಿನಗಳನ್ನು ಜೋಡಿಸಿದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ವೀಸಾ, ವಿಮಾನ, ಇಳಿಯುವ ದಿನ

ಬೇಕಾಗಿರುವುದು ಷೆಂಗೆನ್ ವೀಸಾ. ಜರ್ಮನಿ, ಫ್ರಾನ್ಸ್, ಇಟಲಿ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ ಇದು. 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು. ಬೆಂಗಳೂರಿನಲ್ಲೇ ವೀಸಾ ಕೇಂದ್ರ ಇದೆ. ದೊಡ್ಡವರಿಗೆ ಶುಲ್ಕ 90 ಯೂರೋ, ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ.

ಇಲ್ಲಿ ಜನ ಎಡವುವುದು ಅಪಾಯಿಂಟ್‌ಮೆಂಟ್ ವಿಷಯದಲ್ಲಿ. ಬೇಸಿಗೆ ರಜೆಯ ಹೊತ್ತಿಗೆ ಸ್ಲಾಟ್ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಹೋಗಬೇಕಾದರೆ ಜನವರಿಯಲ್ಲೇ ಕೆಲಸ ಶುರು ಮಾಡಿ.

ಬೆಂಗಳೂರಿನಿಂದ ಬರ್ಲಿನ್‌ಗೆ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ದೋಹಾ ಥರದ ಊರಲ್ಲಿ ಬದಲಾಯಿಸಬೇಕು. ಫ್ರಾಂಕ್‌ಫರ್ಟ್‌ನಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಅದೂ ಒಳ್ಳೆಯ ದಾರಿಯೇ. ಯುರೋಪಿನಲ್ಲಿ ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲೇ ಇಮಿಗ್ರೇಷನ್. ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಬಂದಿದೆ. ಸಾಲು ನಿಧಾನವಾಗಿ ಕದಲುತ್ತದೆ. ಮುಂದಿನ ವಿಮಾನಕ್ಕೆ ಒಂದು ಗಂಟೆ ಮಾತ್ರ ಇಟ್ಟುಕೊಳ್ಳುವ ಧೈರ್ಯ ಮಾಡಬೇಡಿ.

ನನ್ನ ಸಲಹೆ ಇಷ್ಟು: ಬುಧವಾರ ಅಥವಾ ಗುರುವಾರ ಇಳಿಯಿರಿ. ಶುಕ್ರವಾರದೊಳಗೆ ಶಾಪಿಂಗ್ ಮುಗಿಸಿ. ಶನಿವಾರ ಸಂಜೆ ನಿದ್ದೆ ಮಾಡಿ, ಭಾನುವಾರ ಕ್ಲಬ್. ಸೋಮವಾರ ಪೂರ್ತಿ ವಿಶ್ರಾಂತಿ. ಮಂಗಳವಾರ ವಿಮಾನ. ಶುಕ್ರವಾರ ಸಂಜೆ ಇಳಿದು ಸೋಮವಾರ ಬೆಳಿಗ್ಗೆ ಹೊರಡುವ ಪ್ಲಾನ್ ಹಾಕಿದರೆ ಶಾಪಿಂಗ್‌ಗೆ ಸಿಗುವುದು ಶನಿವಾರ ಒಂದೇ ದಿನ. ಅವತ್ತು ಇಡೀ ಊರೇ ಅಂಗಡಿಯಲ್ಲಿರುತ್ತದೆ.

ಹಂತ 2: ದುಡ್ಡು

ಯುಪಿಐ ಕಾಲದಲ್ಲಿ ಇದು ವಿಚಿತ್ರ ಅನಿಸಬಹುದು, ಆದರೆ ಬರ್ಲಿನ್‌ನಲ್ಲಿ ಕ್ಯಾಷ್ ಇಲ್ಲದೆ ಓಡಾಡಬೇಡಿ. ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ಸಣ್ಣ ಕೆಬಾಬ್ ಅಂಗಡಿ, ಸಂತೆ, ಹಲವು ಕ್ಲಬ್ಬುಗಳ ಬಾಗಿಲಲ್ಲಿ ನೋಟೇ ಬೇಕು. ಕೆಲವು ಕಡೆ "ಕಾರ್ಡ್ ತಗೋತೀವಿ" ಅಂತ ಬೋರ್ಡ್ ಇದ್ದರೂ ಅವರ ಅರ್ಥದಲ್ಲಿ ಕಾರ್ಡ್ ಅಂದರೆ ಜರ್ಮನ್ ಬ್ಯಾಂಕಿನ ಗಿರೋಕಾರ್ಡ್, ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲ. ಆರ್ಡರ್ ಮಾಡುವ ಮುಂಚೆಯೇ ಕೇಳಿಬಿಡಿ. 10, 20 ಯೂರೋ ನೋಟುಗಳೇ ಜಾಸ್ತಿ ಇರಲಿ. 200ರ ನೋಟು ಕೊಟ್ಟರೆ ಸಣ್ಣ ಅಂಗಡಿಯವರು ಮುಟ್ಟುವುದೇ ಇಲ್ಲ.

ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ. ಎಟಿಎಂ, ಅಂಗಡಿ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಬಟನ್ ಇರುತ್ತದೆ. ಒಂದನ್ನು ಮಾತ್ರ ಒತ್ತಿ ಬಂದವರು ಅಲ್ಲಿ ಒದ್ದಾಡುತ್ತಾರೆ. ಒಟಿಪಿ ಬರಲು ಊರಿನ ಸಿಮ್‌ಗೆ ರೋಮಿಂಗ್ ಇರಲಿ, ಡೇಟಾಗೆ ಯುರೋಪಿನ ಇ-ಸಿಮ್ ಹಾಕಿಕೊಳ್ಳಿ.

ಎಟಿಎಂನಲ್ಲೂ ಅಂಗಡಿಯ ಮೆಷಿನ್‌ನಲ್ಲೂ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಾ?" ಅಂತ ಕೇಳುತ್ತದೆ. ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಮೆಷಿನ್‌ನವರು ತಮಗೆ ಬೇಕಾದ ದರ ಹಾಕುತ್ತಾರೆ, ಅದು ನಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ಪ್ರವಾಸಿ ಬೀದಿಗಳಲ್ಲಿ ಅಂಗಡಿ ಪಕ್ಕ ನಿಲ್ಲಿಸಿರುವ ಖಾಸಗಿ ಎಟಿಎಂ ಬಿಟ್ಟು ಬ್ಯಾಂಕಿನ ಶಾಖೆಯ ಎಟಿಎಂ ಹುಡುಕಿ.

ಹಂತ 3: ಉಳಿಯುವುದು, ಓಡಾಡುವುದು

ಕ್ಲಬ್ಬಿಗಾಗಿ ಹೋಗುವವರಿಗೆ ಫ್ರೀಡ್ರಿಶ್‌ಹೈನ್, ಕ್ರೊಯ್ಟ್ಸ್‌ಬರ್ಗ್, ನೊಯ್‌ಕೋಲ್ನ್ ಬಡಾವಣೆಗಳು ಅನುಕೂಲ. ವಾರ್ಷಾವರ್ ಸ್ಟ್ರಾಸೆ ನಿಲ್ದಾಣಕ್ಕೆ ಅಂಟಿಕೊಂಡಂತೆ ರೂಮ್ ತೆಗೆದುಕೊಳ್ಳಬೇಡಿ, ಬೆಳಗಿನ ಜಾವದವರೆಗೂ ಗದ್ದಲ. ಹೋಟೆಲ್ ಬಿಲ್ ಮೇಲೆ ನಗರ ತೆರಿಗೆ 7.5% ಸೇರುತ್ತದೆ. ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಊರು ರಾತ್ರಿಯಿಡೀ ಕುಣಿಯುತ್ತೆ ಅಂತ ನೀವು ರೂಮಲ್ಲಿ ಸ್ಪೀಕರ್ ಹಾಕಿದರೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿಯೇ ಮಾಡುತ್ತಾರೆ.

ಓಡಾಟಕ್ಕೆ ಯು-ಬಾನ್ (ಮೆಟ್ರೋ), ಎಸ್-ಬಾನ್ (ನಗರದ ಲೋಕಲ್ ರೈಲು), ಟ್ರಾಮ್, ಬಸ್, ಎಲ್ಲಕ್ಕೂ ಒಂದೇ ಟಿಕೆಟ್. ಊರೊಳಗೆ ಎಬಿ ವಲಯದ ಟಿಕೆಟ್ ಸಾಕು. ವಿಮಾನ ನಿಲ್ದಾಣ ಮಾತ್ರ ಸಿ ವಲಯದಲ್ಲಿದೆ, ಅದಕ್ಕೆ ಎಬಿಸಿ ಟಿಕೆಟ್ ಬೇಕು. ಶುಕ್ರವಾರ, ಶನಿವಾರ ರಾತ್ರಿ ರೈಲುಗಳು ನಿಲ್ಲುವುದೇ ಇಲ್ಲ. ಬೇರೆ ದಿನ ರಾತ್ರಿ ಬಸ್ಸುಗಳಿವೆ.

ನಿಲ್ದಾಣಗಳಲ್ಲಿ ಗೇಟ್ ಇರುವುದಿಲ್ಲ, ಸೀದಾ ಒಳಗೆ ನಡೆದು ಹೋಗಬಹುದು. ಹಾಗಂತ ಮೋಸ ಹೋಗಬೇಡಿ. ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮ್‌ನಲ್ಲಿರುವ ಸಣ್ಣ ಪೆಟ್ಟಿಗೆಯ ಸೀಳಿನೊಳಗೆ ತೂರಿಸಿ, 'ಟಕ್' ಅಂತ ಸದ್ದು ಬಂದು ತಾರೀಖು, ಹೊತ್ತು ಅಚ್ಚಾಗಬೇಕು. ಅಚ್ಚಾಗದ ಟಿಕೆಟ್ ಟಿಕೆಟ್ಟೇ ಅಲ್ಲ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ. ದಂಡ 60 ಯೂರೋ. "ಪ್ರವಾಸಿ, ಗೊತ್ತಿರಲಿಲ್ಲ" ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಟಿಕೆಟ್ ಕೊಂಡರೆ ಈ ತಲೆನೋವೇ ಇರುವುದಿಲ್ಲ.

ಹಂತ 4: ಶಾಪಿಂಗ್

ಎಲ್ಲರೂ ಮೊದಲು ಹೋಗುವುದು ಕುರ್‌ಫ್ಯುರ್ಸ್ಟೆನ್‌ಡಾಮ್‌ಗೆ, ಊರವರ ಬಾಯಲ್ಲಿ ಕುಡಾಮ್. ಅದರ ಮುಂದುವರಿಕೆಯ ರಸ್ತೆಯಲ್ಲಿ 1907ರಲ್ಲಿ ಶುರುವಾದ ಕಾಡೆವೆ ಅನ್ನುವ ಭಾರೀ ಅಂಗಡಿ ಇದೆ. ಬಟ್ಟೆ, ಪರ್ಸ್‌ಗಳ ಬೆಲೆ ಕೇಳಿ ಬೆವರಬೇಡಿ. ಸುಮ್ನೆ ಆರನೇ ಮಹಡಿಗೆ ಹೋಗಿ, ತಿಂಡಿ ತಿನಿಸಿನ ವಿಭಾಗ ನೋಡಿ ಬನ್ನಿ. ಮಾಮೂಲಿ ಬ್ರ್ಯಾಂಡ್‌ಗಳಿಗೆ ಅಲೆಕ್ಸಾಂಡರ್‌ಪ್ಲಾಟ್ಸ್ ಬಳಿಯ ಅಲೆಕ್ಸಾ, ಲೈಪ್ಸಿಗರ್ ಪ್ಲಾಟ್ಸ್‌ನ ಮಾಲ್ ಆಫ್ ಬರ್ಲಿನ್ ಸಾಕು. ಅಲ್ಲಿ ಸಿಗುವ ಬಹಳಷ್ಟು ಬ್ರ್ಯಾಂಡ್ ಬೆಂಗಳೂರಿನ ಮಾಲ್‌ಗಳಲ್ಲೂ ಇವೆ, ಹಾಗಾಗಿ ಒಂದು ಮಧ್ಯಾಹ್ನಕ್ಕಿಂತ ಜಾಸ್ತಿ ಹೊತ್ತು ಕಳೆಯುವುದು ದಂಡ ಅಂತ ನನ್ನ ಅಭಿಪ್ರಾಯ.

ಮಾಲ್ ಆಫ್ ಬರ್ಲಿನ್ ಬಗ್ಗೆ ಒಂದು ಸಂಗತಿ ಮಾತ್ರ ಗೊತ್ತಿರಲಿ. ಆ ಜಾಗದಲ್ಲಿ ಹಿಂದೆ ವರ್ಟ್‌ಹೈಮ್ ಅನ್ನುವ ದೊಡ್ಡ ಅಂಗಡಿ ಇತ್ತು. ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು, ನಂತರ ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆಯ ಪಕ್ಕದ ಖಾಲಿ ಜಾಗವಾಗಿ ಉಳಿಯಿತು. 1989ರಲ್ಲಿ ಗೋಡೆ ಬಿತ್ತು. ಆ ಅಂಗಡಿಯ ನೆಲಮಾಳಿಗೆಯಲ್ಲಿ ತಿಜೋರಿ ಕೋಣೆಗಳು ಇನ್ನೂ ಉಳಿದಿದ್ದವು. ಡಿಮಿಟ್ರಿ ಹೇಗೆಮಾನ್ ಮತ್ತು ಗೆಳೆಯರು ಅಲ್ಲೇ 1991ರಲ್ಲಿ ಟ್ರೆಸೋರ್ ಕ್ಲಬ್ ಶುರು ಮಾಡಿದರು. ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹುಟ್ಟಿದ ಟೆಕ್ನೋ ಬರ್ಲಿನ್‌ನಲ್ಲಿ ಬೇರು ಬಿಟ್ಟ ಜಾಗಗಳಲ್ಲಿ ಅದೂ ಒಂದು. 2005ರಲ್ಲಿ ಅಲ್ಲಿಂದ ಎಬ್ಬಿಸಿದರು. ಮತ್ತೆ ಅಂಗಡಿಯೇ ಬಂತು.

ಬೇರೆಲ್ಲೂ ಸಿಗದ್ದನ್ನು ಕೊಳ್ಳುವ ಆಸೆ ಇದ್ದರೆ ಮೂರು ಕಡೆ ಹೊತ್ತು ಕೊಡಿ.

ಮೊದಲನೆಯದು ರೆಕಾರ್ಡ್ ಅಂಗಡಿ, ಅಂದರೆ ಹಾಡಿನ ವಿನೈಲ್ ತಟ್ಟೆ ಮಾರುವ ಜಾಗ. ಮಾರ್ಕ್ ಅರ್ನೆಸ್ಟುಸ್ 1989ರಲ್ಲಿ ಶುರು ಮಾಡಿದ ಹಾರ್ಡ್ ವ್ಯಾಕ್ಸ್‌ಗೆ ಜಗತ್ತಿನ ಡಿಜೆಗಳೆಲ್ಲ ಬರುತ್ತಾರೆ. ಅಲ್ಲಿ ತಟ್ಟೆಗಳನ್ನು ನೀವೇ ಕೇಳಿ ನೋಡಬಹುದು. ಇಷ್ಟವಾದ ಏಳೆಂಟು ತೆಗೆದುಕೊಂಡು ಕೇಳುವ ಪ್ಲೇಯರ್ ಹತ್ತಿರ ಹೋಗಿ, ಹೆಡ್‌ಫೋನ್ ಹಾಕಿಕೊಂಡು ಮುಳ್ಳನ್ನು ಮೆಲ್ಲಗೆ ಇಳಿಸಿ. ತಟ್ಟೆಯ ಅಂಚು ಹಿಡಿಯಿರಿ, ಗೀರುಗಳ ಮೇಲೆ ಬೆರಳು ತಾಗಬಾರದು. ಬೇಡವಾದದ್ದನ್ನು ತೆಗೆದ ಜಾಗದಲ್ಲೇ ವಾಪಸ್ ಇಡಿ. ಟೆಕ್ನೋ ಹಾಡುಗಳು ಜಾಸ್ತಿ ಸಿಗುವುದು '12 ಇಂಚು' ತಟ್ಟೆಗಳಲ್ಲಿ, ಒಂದೊಂದು ಬದಿಗೆ ಒಂದೋ ಎರಡೋ ಹಾಡು. ಕೊಂಡ ಮೇಲೆ ಗಟ್ಟಿ ರಟ್ಟಿನ ಪೆಟ್ಟಿಗೆ ಕೇಳಿ ಪಡೆಯಿರಿ. ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಊರಿಗೆ ಬಂದ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ತಟ್ಟೆ ಸೊಟ್ಟಗಾಗಿ ಕೆಲಸಕ್ಕೆ ಬಾರದು.

ಎರಡನೆಯದು ಹಳೆ ಬಟ್ಟೆ. ಫ್ರಾಂಕ್‌ಫುರ್ಟರ್ ಟೋರ್ ನಿಲ್ದಾಣದ ಬಳಿ ಹುಮಾನಾದ ಹಲವು ಮಹಡಿಯ ಅಂಗಡಿ ಇದೆ. ಕ್ಲಬ್ಬಿಗೆ ಬೇಕಾದ ಕಪ್ಪು ಜಾಕೆಟ್, ಬೂಟುಗಳಿಗೆ ಹೊಸ ಅಂಗಡಿಗಿಂತ ಇದೇ ವಾಸಿ. ಮೂರನೆಯದು ಭಾನುವಾರದ ಹಳೆ ಸಾಮಾನಿನ ಸಂತೆಗಳು: ಮೌಯರ್‌ಪಾರ್ಕ್ ಮತ್ತು ಬಾಕ್ಸ್‌ಹಾಗನರ್ ಪ್ಲಾಟ್ಸ್. ಚೌಕಾಸಿ ಮಾಡಬಹುದು, ಆದರೆ ನಗುನಗುತ್ತಾ. 20 ಹೇಳಿದ್ದಕ್ಕೆ 5 ಕೇಳಿದರೆ ಮುಖ ತಿರುಗಿಸುತ್ತಾರೆ.

ಸಂಗೀತ ಮಾಡುವವರಿಗೆ ಒಂದು ವಿಷಯ. ಸಂಗೀತದ ಸಾಫ್ಟ್‌ವೇರ್ ಮಾಡುವ ಏಬಲ್ಟನ್, ನೇಟಿವ್ ಇನ್‌ಸ್ಟ್ರುಮೆಂಟ್ಸ್ ಎರಡೂ ಈ ಊರಲ್ಲೇ ಹುಟ್ಟಿದ ಕಂಪನಿಗಳು. ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಸೂಪರ್‌ಬೂತ್ ಅನ್ನುವ ಸಿಂಥಸೈಜರ್ ಮೇಳ ನಡೆಯುತ್ತದೆ. ಸಿಂಥಸೈಜರ್ ಅಂದರೆ ವಿದ್ಯುತ್ತಿನಿಂದಲೇ ಧ್ವನಿ ಹುಟ್ಟಿಸುವ ವಾದ್ಯ. ಟ್ರಿಪ್ ಅದಕ್ಕೆ ಹೊಂದಿಸಿದರೆ ನೂರಾರು ವಾದ್ಯ ಮುಟ್ಟಿ ನೋಡಬಹುದು. ಅಲ್ಲಿಯ ಕರೆಂಟ್ ನಮ್ಮ ಹಾಗೇ 230 ವೋಲ್ಟ್, ಟ್ರಾನ್ಸ್‌ಫಾರ್ಮರ್ ಬೇಡ, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಲ್ಯಾಪ್‌ಟಾಪ್ ಕೊಳ್ಳುವವರು ಮಾತ್ರ ಕೀಬೋರ್ಡ್ ನೋಡಿಕೊಳ್ಳಿ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲಾಗಿರುತ್ತವೆ, ಚಿಹ್ನೆಗಳೂ ಬೇರೆ ಜಾಗದಲ್ಲಿ. ವಾರಂಟಿ ಭಾರತದಲ್ಲಿ ನಡೆಯುತ್ತಾ ಅಂತಲೂ ಕೇಳಿ.

ಭಾನುವಾರ ನೀರು, ಬ್ರೆಡ್ ಬೇಕಾದರೆ? ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ. ರಾತ್ರಿಯೆಲ್ಲ ಬೀದಿ ಮೂಲೆಗಳಲ್ಲಿ ತೆರೆದಿರುವ ಸಣ್ಣ ಅಂಗಡಿಗಳಿಗೆ ಶ್ಪೇಟಿ ಅನ್ನುತ್ತಾರೆ. ಬಾಟಲಿಗೆ ಫಾಂಡ್ ಅಂತ ಡೆಪಾಸಿಟ್ ಸೇರುತ್ತದೆ, ನಮ್ಮಲ್ಲಿ ಹಿಂದೆ ಸೋಡಾ ಬಾಟಲಿಗೆ ಇಟ್ಟುಕೊಳ್ಳುತ್ತಿದ್ದರಲ್ಲ, ಹಾಗೆ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ 25 ಸೆಂಟ್, ಬಿಯರ್ ಬಾಟಲಿಗೆ 8 ಸೆಂಟ್. ಸೂಪರ್‌ಮಾರ್ಕೆಟ್ಟಿನ ಮೆಷಿನ್‌ಗೆ ಹಾಕಿದರೆ ದುಡ್ಡು ವಾಪಸ್. ವಾಪಸ್ ಕೊಡಲು ಮನಸ್ಸಿಲ್ಲದಿದ್ದರೆ ಕಸದ ಡಬ್ಬಿಯೊಳಗೆ ಎಸೆಯದೆ ಪಕ್ಕದಲ್ಲಿ ನಿಲ್ಲಿಸಿ. ಬಾಟಲಿ ಆಯುವವರಿಗೆ ಒಳಗೆ ಕೈ ಹಾಕುವುದು ತಪ್ಪುತ್ತದೆ.

ಹಂತ 5: ಯಾವ ಕ್ಲಬ್?

ಟೆಕ್ನೋ ಅಂದರೆ ಮಾತು, ಹಾಡುಗಾರಿಕೆ ಕಡಿಮೆ, ಒಂದೇ ಗಟ್ಟಿ ತಾಳ ಗಂಟೆಗಟ್ಟಲೆ ಓಡುವ ಸಂಗೀತ. ಹೌಸ್ ಅದಕ್ಕಿಂತ ಸ್ವಲ್ಪ ಬೆಚ್ಚಗಿನ ಸಂಗೀತ, ದನಿಗಳೂ ಇರುತ್ತವೆ. 'ಲೈನ್‌ಅಪ್' ಅಂದರೆ ಆ ರಾತ್ರಿ ನುಡಿಸುವ ಡಿಜೆಗಳ ಪಟ್ಟಿ. ಪಟ್ಟಿಗೆ ರೆಸಿಡೆಂಟ್ ಅಡ್ವೈಸರ್ ತಾಣ ನೋಡಿ. ಹೆಸರುಗಳನ್ನು ಮನೆಯಲ್ಲೇ ಹುಡುಕಿ ಕೇಳಿ. ಇಷ್ಟವಾಗದಿದ್ದರೆ ಹೋಗಬೇಡಿ, ಅದು ತಪ್ಪೇನಲ್ಲ.

ಕ್ಲಬ್ಬುಗಳ ಹಳೆಯ ಪಟ್ಟಿಗಳನ್ನು ನಂಬಬೇಡಿ. ಬಾಡಿಗೆ ಏರಿ ಕ್ಲಬ್ಬುಗಳು ಮುಚ್ಚುತ್ತಿವೆ. ಹೆಸರುವಾಸಿ ವಾಟರ್‌ಗೇಟ್ 2024ರ ಕೊನೆಗೆ ಬಾಗಿಲು ಹಾಕಿತು. ಆದರೂ "ನೋಡಲೇಬೇಕಾದ ಹತ್ತು ಕ್ಲಬ್" ಪಟ್ಟಿಗಳಲ್ಲಿ ಅದಿನ್ನೂ ಕೂತಿದೆ. ಅದೇ 2024ರಲ್ಲಿ ಬರ್ಲಿನ್ ಟೆಕ್ನೋವನ್ನು ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದರು!

ಮೊದಲ ಸಲದವರಿಗೆ ನಾನು ಹೇಳುವುದು ಟ್ರೆಸೋರ್. 2007ರಿಂದ ಅದು ಕ್ಯೋಪೆನಿಕರ್ ಸ್ಟ್ರಾಸೆಯ ಹಳೆ ವಿದ್ಯುತ್ ಸ್ಥಾವರದಲ್ಲಿದೆ. ಕೆಳಗಿನ ಕೋಣೆ ಕತ್ತಲು, ಹೊಗೆ, ಸದ್ದು ಮಾತ್ರ. ಬಯಲು, ಮರಗಿಡ, ಬೆಳಕು ಬೇಕು ಅನ್ನುವವರಿಗೆ ಸಿಸಿಫೋಸ್ ಅಥವಾ ಓಸ್ಟ್‌ಕ್ರೊಯ್ಟ್ಸ್ ಬಳಿಯ ಅಬೌಟ್ ಬ್ಲಾಂಕ್ ಹಿತ್ತಲು. ಕಿಟ್‌ಕ್ಯಾಟ್ ಅನ್ನುವುದು ಚಾಕೊಲೇಟ್ ಹೆಸರು ಅಂತ ಹಗುರವಾಗಿ ಹೋಗಬೇಡಿ. ಅದು ಮುಕ್ತ ಲೈಂಗಿಕತೆಯ ಕ್ಲಬ್. ಮಾಮೂಲಿ ಬಟ್ಟೆಯವರನ್ನು ಬಿಡುವುದಿಲ್ಲ, ಒಳಗೆ ಹೋದ ಮೇಲೆ ಕಣ್ಣು ಅಗಲ ಮಾಡುವಂತಿಲ್ಲ.

ಬೆರ್ಗ್‌ಹೈನ್ 2004ರಲ್ಲಿ ಶುರುವಾಯಿತು, ಓಸ್ಟ್‌ಬಾನ್‌ಹೋಫ್ ಬಳಿಯ ಹಳೆ ಶಾಖ ಸ್ಥಾವರದ ಕಟ್ಟಡದಲ್ಲಿ. ಕೆಳಗೆ ಗಡಸು ಟೆಕ್ನೋ, ಮೇಲಿನ ಪನೋರಮಾ ಬಾರ್‌ನಲ್ಲಿ ಹೌಸ್. ಸಲಿಂಗಿಗಳ ಕೂಟವಾಗಿ ಬೆಳೆದ ಜಾಗ ಅದು, ಈಗಲೂ ಅದರ ಜೀವ ಅಲ್ಲೇ ಇದೆ. ಅದು ಇರಿಸುಮುರಿಸು ಅನ್ನುವವರು ಹೋಗದಿರುವುದೇ ಒಳ್ಳೆಯದು.

ಹಂತ 6: ಬಾಗಿಲು

ಬೆಂಗಳೂರಿನಲ್ಲಿ ಒಂದು ಗಂಟೆಗೆ ಪಬ್ ಮುಚ್ಚುವ ಅಭ್ಯಾಸ ನಮಗೆ. ಬರ್ಲಿನ್‌ನಲ್ಲಿ ಆ ಹೊತ್ತಿಗೆ ಕ್ಲಬ್ ಇನ್ನೂ ಅರ್ಧ ಖಾಲಿ. ಪಶ್ಚಿಮ ಬರ್ಲಿನ್‌ನಲ್ಲಿ ಮುಚ್ಚುವ ಹೊತ್ತಿನ ನಿಯಮವನ್ನು 1949ರಲ್ಲೇ ತೆಗೆದುಹಾಕಿದ್ದರು. ಹೋಟೆಲ್ ನಡೆಸುತ್ತಿದ್ದ ಹೈನ್ಸ್ ಝೆಲ್ಲರ್‌ಮಾಯರ್ ಒಂದು ಬಾಟಲಿ ವಿಸ್ಕಿ ಹಿಡಿದು ಅಮೆರಿಕನ್ ಸೇನಾಧಿಕಾರಿಯನ್ನು ಒಪ್ಪಿಸಿದ ಕಥೆ ಊರಲ್ಲಿ ಈಗಲೂ ಹೇಳುತ್ತಾರೆ.

ಬೆರ್ಗ್‌ಹೈನ್‌ಗೆ ಶನಿವಾರ ರಾತ್ರಿಯ ಸಾಲಿನಲ್ಲಿ ನಿಲ್ಲಬೇಡಿ. ರಾತ್ರಿ ಮಲಗಿ ಎದ್ದು, ತಿಂಡಿ ತಿಂದು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಸಾಲು ಚಿಕ್ಕದಿರುತ್ತದೆ, ನಿಮ್ಮ ಮುಖದಲ್ಲೂ ಕಳೆ ಇರುತ್ತದೆ.

ಒಳಗೆ ಬಿಡುವ ಗ್ಯಾರಂಟಿ ಯಾರೂ ಕೊಡಲಾರರು. ಸ್ವೆನ್ ಮಾರ್ಕ್ವಾರ್ಟ್ ಅನ್ನುವ ಛಾಯಾಗ್ರಾಹಕ ವರ್ಷಗಟ್ಟಲೆ ಆ ಬಾಗಿಲು ಕಾದು ಜಗತ್ತಿಗೇ ಗೊತ್ತಾದರು. ಅವರೂ ನಿಯಮ ಇದೇ ಅಂತ ಬಿಡಿಸಿ ಹೇಳಿದವರಲ್ಲ. ಅವಕಾಶ ಕೆಡಿಸುವ ಸಂಗತಿಗಳು ಮಾತ್ರ ಗೊತ್ತಿವೆ. ಆರೇಳು ಗಂಡಸರ ಗುಂಪು. ಕುಡಿದು ತೂರಾಡುವುದು. ಸಾಲಿನಲ್ಲಿ ವಿಡಿಯೋ ತೆಗೆಯುವುದು, ಕೂಗಾಡುವುದು. ಇಸ್ತ್ರಿ ಮಾಡಿದ ಆಫೀಸ್ ಶರ್ಟು. ಒಬ್ಬರೋ ಇಬ್ಬರೋ ಹೋಗಿ, ಆರಾಮಾದ ಬಟ್ಟೆ ಹಾಕಿ. ಕಪ್ಪೇ ಆಗಬೇಕಿಲ್ಲ. "ಎಷ್ಟು ಜನ?" ಅಂದರೆ ಸಂಖ್ಯೆ ಹೇಳಿ, ಅಷ್ಟೇ. ಇವತ್ತು ಯಾರು ನುಡಿಸುತ್ತಾರೆ ಅಂತ ಕೇಳಿದರೆ ಗೊತ್ತಿರಲಿ.

"ಹೊಯ್ಟೆ ಲೈಡರ್ ನಿಷ್ಟ್" ಅಂದರೆ ಇವತ್ತು ಆಗಲ್ಲ ಅಂತ. ವಾದ ಮಾಡಬೇಡಿ, ದುಡ್ಡು ತೋರಿಸಬೇಡಿ. ಅಲ್ಲಿಂದ ಹೊರಟು ಇನ್ನೊಂದು ಕ್ಲಬ್ಬಿಗೆ ಹೋಗಿ. ಆ ಹೆಸರನ್ನು ಮುಂಚೆಯೇ ಬರೆದಿಟ್ಟುಕೊಂಡಿರಿ.

ಪಾಸ್‌ಪೋರ್ಟ್ ಜೊತೆಗಿರಲಿ, ಆಧಾರ್ ನಡೆಯುವುದಿಲ್ಲ. ದೊಡ್ಡ ಕ್ಲಬ್ಬಿನ ಪ್ರವೇಶಕ್ಕೆ 20ರಿಂದ 30 ಯೂರೋ ಎತ್ತಿಡಿ.

ಹಂತ 7: ಒಳಗೆ

ಬಾಗಿಲಲ್ಲೇ ಮೊಬೈಲ್ ಕ್ಯಾಮೆರಾಗಳ ಮೇಲೆ ಸಣ್ಣ ಸ್ಟಿಕ್ಕರ್ ಅಂಟಿಸುತ್ತಾರೆ, ಹಿಂದೂ ಮುಂದೂ. ಅದನ್ನು ಕಿತ್ತು ಫೋಟೋ ತೆಗೆದರೆ ಹೊರಗೆ ಕಳಿಸುತ್ತಾರೆ. ಕೋಟನ್ನು ಗಾರ್ಡೆರೋಬೆ ಅನ್ನುವ ಕೌಂಟರಿನಲ್ಲಿ ಕೊಟ್ಟು ಟೋಕನ್ ಪಡೆಯಿರಿ. ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿ, ಒಳಗೆ ಬೆವರು, ಹಾಗಾಗಿ ಒಳಗಡೆ ತೆಳು ಬಟ್ಟೆ ಇರಲಿ.

ಕಿವಿಗೆ ಇಯರ್‌ಪ್ಲಗ್ ಹಾಕಿ. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಕ್ಲಬ್‌ನಲ್ಲಿ ಹತ್ತು ಗಂಟೆ ಕಳೆದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು ಕೆಲವರಿಗೆ ನಿಲ್ಲುವುದೇ ಇಲ್ಲ. ಮಧ್ಯೆ ಹೊರಗೆ ಬಂದು ಊಟ ಮಾಡಿ ಹೋಗಬೇಕಾದರೆ ಕೈಗೆ ಮುದ್ರೆ ಹಾಕಿಸಿಕೊಳ್ಳಿ, ಆದರೆ ಮರುಪ್ರವೇಶ ಉಂಟಾ ಅಂತ ಮೊದಲು ಕೇಳಿ. ಸಸ್ಯಾಹಾರಿಗಳಿಗೆ ರಾತ್ರಿಯೂ ಫಲಾಫೆಲ್ ಸಿಗುತ್ತದೆ.

ಹಲವು ಕಡೆ ಬಂದವರ ಸುರಕ್ಷತೆ ನೋಡಿಕೊಳ್ಳುವ ಅವೇರ್‌ನೆಸ್ ಟೀಮ್ ಇರುತ್ತದೆ. ಯಾರಾದರೂ ಮೈಮೇಲೆ ಬಿದ್ದರೆ, ಕಿರಿಕಿರಿ ಮಾಡಿದರೆ, ತಲೆ ತಿರುಗಿದರೆ ಸೀದಾ ಅವರ ಹತ್ತಿರ ಹೋಗಿ. ಗ್ಲಾಸನ್ನು ಎಲ್ಲೋ ಇಟ್ಟು ಹೋಗಿ ಬಂದು ಮತ್ತೆ ಕುಡಿಯಬೇಡಿ. ತುರ್ತಿಗೆ 112, ಪೊಲೀಸರಿಗೆ 110.

ಗಾಂಜಾ ಬಗ್ಗೆಯೂ ಕೇಳುತ್ತಾರೆ. 2024ರ ಏಪ್ರಿಲ್‌ನಿಂದ ದೊಡ್ಡವರು ಸ್ವಲ್ಪ ಪ್ರಮಾಣ ಇಟ್ಟುಕೊಳ್ಳುವುದು ಅಲ್ಲಿ ಅಪರಾಧವಲ್ಲ. ಆದರೆ ಪ್ರವಾಸಿಗಳಿಗೆ ಅದನ್ನು ಕೊಳ್ಳಲು ಕಾನೂನಿನ ದಾರಿ ಇಲ್ಲ. ಪಾರ್ಕಿನಲ್ಲಿ ಮಾರುವವರು ಮಾರುವುದು ಕಾನೂನುಬಾಹಿರವೇ. ಬೇರೆ ಮಾದಕ ವಸ್ತುಗಳು ಪೂರ್ತಿ ನಿಷಿದ್ಧ. ಜೇಬಿನ ಮೂಲೆಯಲ್ಲಿ ಉಳಿದ ಚೂರು ಬೆಂಗಳೂರಿನ ಏರ್‌ಪೋರ್ಟ್‌ನಲ್ಲಿ ಸಿಕ್ಕರೆ ಮಾದಕ ವಸ್ತು ತಡೆಯುವ ನಮ್ಮ ಎನ್‌ಡಿಪಿಎಸ್ ಕಾಯ್ದೆ ಕಾಯುತ್ತಿರುತ್ತದೆ.

ಹಂತ 8: ತೆರಿಗೆ ವಾಪಸ್, ಊರಿಗೆ ವಾಪಸ್

ಜರ್ಮನಿಯಲ್ಲಿ ಹೆಚ್ಚಿನ ವಸ್ತುಗಳ ಬೆಲೆಯಲ್ಲಿ 19% ತೆರಿಗೆ ಸೇರಿರುತ್ತದೆ. ಯುರೋಪಿನಾಚೆಯವರು 50 ಯೂರೋ ಮೀರಿದ ಬಿಲ್ಲಿಗೆ ಅದನ್ನು ವಾಪಸ್ ಕೇಳಬಹುದು. 595 ಯೂರೋ ಕೊಟ್ಟು ಸಿಂಥಸೈಜರ್ ಕೊಂಡರೆ ಅದರಲ್ಲಿ ವಸ್ತುವಿನ ಬೆಲೆ 500, ತೆರಿಗೆ 95. ಮಧ್ಯವರ್ತಿ ಕಂಪನಿಯ ಕಮಿಷನ್ ಕಳೆದು ಉಳಿದದ್ದು ನಿಮ್ಮದು. ಕ್ಲಬ್ ಪ್ರವೇಶ, ಊಟ, ಹೋಟೆಲಿಗೆ ಇದು ಅನ್ವಯಿಸುವುದಿಲ್ಲ.

ಕ್ರಮ ಹೀಗೆ. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್‌ಫ್ರೀ ಫಾರಂ ಕೇಳಿ, ಊರಿನ ವಿಳಾಸ ತುಂಬಿಸಿ. ಕೊಂಡದ್ದನ್ನು ಬಳಸದೆ ಪ್ಯಾಕ್‌ನಲ್ಲೇ ಇಡಿ. ಚೆಕ್-ಇನ್ ಬ್ಯಾಗಿನಲ್ಲಿ ಹಾಕುವುದಾದರೆ ಏರ್‌ಪೋರ್ಟ್ ಕೌಂಟರಿನಲ್ಲಿ "ಟ್ಯಾಕ್ಸ್‌ಫ್ರೀ ಸಾಮಾನು ಇದೆ" ಅನ್ನಿ. ಅವರು ಬ್ಯಾಗಿಗೆ ಚೀಟಿ ಕಟ್ಟಿ ನಿಮಗೇ ವಾಪಸ್ ಕೊಡುತ್ತಾರೆ. ಅದನ್ನು ಕಸ್ಟಮ್ಸ್‌ಗೆ ಒಯ್ದು ತೋರಿಸಿ ಮುದ್ರೆ ಹಾಕಿಸಿ, ಬ್ಯಾಗ್ ಅಲ್ಲೇ ಬಿಡಿ. ಬರ್ಲಿನ್‌ನಿಂದ ಬೆಂಗಳೂರಿಗೆ ನೇರವಾಗಿ ಬುಕ್ ಆದ ಬ್ಯಾಗಿಗೆ ಮುದ್ರೆ ಬರ್ಲಿನ್‌ನಲ್ಲೇ. ಕೈಚೀಲದಲ್ಲಿ ಇದ್ದದ್ದಕ್ಕೆ ಯುರೋಪ್ ಬಿಡುವ ಕೊನೆಯ ಏರ್‌ಪೋರ್ಟ್‌ನಲ್ಲಿ, ಅಂದರೆ ಫ್ರಾಂಕ್‌ಫರ್ಟ್ ಮೂಲಕ ಬಂದರೆ ಅಲ್ಲಿ. ಬ್ಯಾಗ್ ಬೆಲ್ಟ್ ಮೇಲೆ ಹೋದ ನಂತರ ಫಾರಂ ನೆನಪಾದರೆ ಆ ದುಡ್ಡು ಮರೆತುಬಿಡಿ. ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೊರಡಿ.

ನಮ್ಮ ಕಡೆಯ ಕಸ್ಟಮ್ಸ್‌ಗೂ ಮಿತಿಗಳಿವೆ. ಸುಂಕವಿಲ್ಲದೆ ತರಬಹುದಾದ ಸಾಮಾನಿನ ಒಟ್ಟು ಮೌಲ್ಯ ಆಗಾಗ ಬದಲಾಗುತ್ತದೆ, ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಿ. ಮದ್ಯ ಎರಡು ಲೀಟರ್. 18 ದಾಟಿದವರಿಗೆ ಒಂದು ಲ್ಯಾಪ್‌ಟಾಪ್ ಈ ಮಿತಿಯ ಹೊರಗೆ. ಮಿತಿಗಿಂತ ಜಾಸ್ತಿ ಇದ್ದರೆ ಕೆಂಪು ಚಾನಲ್‌ನಲ್ಲಿ ಹೋಗಿ, ಬಿಲ್ ತೋರಿಸಿ ಸುಂಕ ಕಟ್ಟಿ. ಬಿಲ್ಲುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಊರಿಂದಲೇ ದುಬಾರಿ ಕ್ಯಾಮೆರಾನೋ ಡಿಜೆ ಸಲಕರಣೆಯನ್ನೋ ಒಯ್ಯುವವರು ಹೋಗುವಾಗಲೇ ಬೆಂಗಳೂರು ಏರ್‌ಪೋರ್ಟ್‌ನ ಕಸ್ಟಮ್ಸ್‌ನಲ್ಲಿ ಅದನ್ನು ಬರೆಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಇಲ್ಲದಿದ್ದರೆ ವಾಪಸ್ ಬಂದಾಗ ಅದು ಹಳೆಯದು ಅಂತ ತೋರಿಸುವ ಹೊಣೆ ನಿಮ್ಮ ಮೇಲೇ ಬೀಳುತ್ತದೆ.